ಹನ್ನೆರಡು ಗುರುತಿನ ಸೀಸೆ

ಕಾಂಪೌಂಡರ್ ಆವುಲಪ್ಪ ನನಗೆ ಆಡಿದ ಮೊದಲ ಮಾತೇ ಬೈಗುಳ.

"ಏನಮ್ಮಾ ಇದು? ಹರಳೆಣ್ಣೆ ಸೀಸೆ ತೊಳೀದೇ ತಂದಿದ್ದೀರಲ್ಲ! ನಾನು ಔಷಧಿ ಹಾಕ್ಲಾ, ಒಗ್ಗರಣೆ ಹಾಕ್ಲಾ?"

ಅದು 1957ನೇ ಇಸವಿ. ಶಿಡ್ಲಘಟ್ಟದ ಆ ದವಾಖಾನೆಯಲ್ಲಿ ಮಿಕ್ಸ್ಚರ್ ಬೇಕಾದವರು ಸೀಸೆಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಸಾಲಿನಲ್ಲಿ ನಿಂತವರೆಲ್ಲ ಕಿಸಕ್ಕನೆ ನಕ್ಕರು. ನಾನೋ ಹೆಣ್ಣುಮಕ್ಕಳ ಸ್ಕೂಲಿನ ಟೀಚರ್. ನನ್ನ ಕ್ಲಾಸಿನ ಹುಡುಗಿಯರ ತಾಯಂದಿರೇ ಇಬ್ಬರಿದ್ದರು ಅಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು.

"ತೊಳೆಯೋಕೆ ಬಗ್ಗಬೇಕಲ್ಲಪ್ಪಾ! ಬಗ್ಗೋಕೆ ಆಗಿದ್ರೆ ನಿಮ್ಮ ಮುಖ ನೋಡೋಕೆ ಯಾಕೆ ಬರ್ತಿದ್ದೆ?"

ಆತನ ನಗು ನಿಂತಿತು. ಸೀಸೆಯನ್ನು ತಾನೇ ಬಿಸಿನೀರಿನಲ್ಲಿ ತೊಳೆದ. ಕಂದು ಬಣ್ಣದ ಮಿಕ್ಸ್ಚರ್ ತುಂಬಿದ. ಕಾಗದದ ಪಟ್ಟಿಯೊಂದನ್ನು ಮಡಚಿ, ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಯ ಪಕ್ಕಕ್ಕೆ ಅಂಟಿಸಿದ. ಹನ್ನೆರಡು ಗುರುತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಆರು ದಿನಕ್ಕೆ; ಏಳನೇ ದಿನ ಬಿಡುವು.

"ಇದ್ರಲ್ಲಿ ಅಫೀಮಿನ ಟಿಂಚರ್ ಇದೆ ಟೀಚರಮ್ಮ. ಗುರುತು ದಾಟಬೇಡಿ" ಎಂದ.

ಎರಡು ವರ್ಷದ ಹಿಂದೆ ಕೈವಾರದ ಹತ್ತಿರ ಬಸ್ಸು ಮಗುಚಿ ನನ್ನ ಬೆನ್ನು ಮುರಿದಿತ್ತು. ಮೂಳೆ ಕೂಡಿಕೊಂಡಿತು, ನೋವು ಮಾತ್ರ ಹೋಗಲಿಲ್ಲ. ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ಹಿಡಿದು, "ಏನೂ ಇಲ್ಲಮ್ಮ, ಹೋಗುತ್ತೆ" ಎಂದರು. ನಮ್ಮಮ್ಮ ಜಾನಕಮ್ಮ ಹರಕೆ ಕಟ್ಟಿ, "ಹೋಗುತ್ತೆ ಕಣೇ" ಎಂದಳು. ಹೆಡ್‌ಮಿಸ್ಟ್ರೆಸ್ ಅಂತೂ, "ಮದುವೆ ಆದ್ರೆ ಎಲ್ಲಾ ಹೋಗುತ್ತೆ" ಎಂದು ಕಣ್ಣು ಮಿಟುಕಿಸಿದರು. ಎಲ್ಲರ ಬಾಯಲ್ಲೂ ಹೋಗುತ್ತೆ, ಹೋಗುತ್ತೆ. ಅವರ ಬೆನ್ನಿಗೆ ಒಂದು ದಿನ ಈ ನೋವು ಬರಲಿ ಎಂದು ನಾನು ಮನಸಾರೆ ಶಪಿಸುತ್ತಿದ್ದೆ. ಇದರಲ್ಲಿ ಸುಳ್ಳೇನೂ ಇಲ್ಲ.

ಮಿಕ್ಸ್ಚರ್ ಕುಡಿದರೆ ಐದು ಪೀರಿಯಡ್ ನಿಂತು ಪಾಠ ಮಾಡಬಹುದಿತ್ತು. ಆ ಕೆಲಸ ಹೋದರೆ ನಾನೂ ಅಮ್ಮನೂ ಬೀದಿಗೆ ಬೀಳುತ್ತಿದ್ದೆವು. ಅಪ್ಪ ಇರಲಿಲ್ಲ.

ಪ್ರತಿ ಸೋಮವಾರ ಸೀಸೆ ಹಿಡಿದು ಹೋಗುತ್ತಿದ್ದೆ, ಚೆನ್ನಾಗಿ ತೊಳೆದು. ಆವುಲಪ್ಪ ಸೀಸೆ ಇಸಿದುಕೊಳ್ಳುವ ಮೊದಲು ನನ್ನ ಕಣ್ಣನ್ನೇ ನೋಡುತ್ತಿದ್ದ. ಒಂದು ಗಳಿಗೆಯಲ್ಲ, ಎರಡಲ್ಲ. ಕತ್ತು ಸ್ವಲ್ಪ ಓರೆ ಮಾಡಿ, ರೆಪ್ಪೆ ಮಿಟುಕಿಸದೆ.

"ಏನ್ ಕಾಂಪೌಂಡರ್ರೇ, ನನ್ನ ಕಣ್ಣಲ್ಲಿ ಪ್ರಿಸ್ಕ್ರಿಪ್ಷನ್ ಬರೆದಿದ್ಯಾ?"

"ಅಕ್ಷರ ಸಣ್ಣದಿದೆ ಟೀಚರಮ್ಮ. ಓದೋಕೆ ಟೈಮಾಗುತ್ತೆ."

ನಗರಗೆರೆಯ ಒಕ್ಕಲು ಮನೆಯ ಮಗನ ಬಾಯಲ್ಲಿ ಇಂಥ ಮಾತು! ನಾನು ದಾರಿಯುದ್ದಕ್ಕೂ ನಗುತ್ತಾ ಬಂದೆ. ಭಾನುವಾರವೇ ತಲೆಗೆ ನೀರು ಹಾಕಿಕೊಂಡು, ಸೋಮವಾರ ಮಲ್ಲಿಗೆ ಮುಡಿಯಲು ಶುರುಮಾಡಿದೆ. ಅಮ್ಮ ಕೇಳಿದರೆ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬರ್ತಾರೆ ಎನ್ನುತ್ತಿದ್ದೆ. ಪಾಪ, ಅಷ್ಟೊಂದು ಇನ್‌ಸ್ಪೆಕ್ಟರುಗಳು ಇಡೀ ಮೈಸೂರು ರಾಜ್ಯದಲ್ಲಿ ಇರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಮಿಕ್ಸ್ಚರ್ ನಾಟದಂತಾಯಿತು. ಅದೇ ಬಣ್ಣ, ಅದೇ ಕಹಿ, ಆದರೆ ನೋವು ಕದಲಲಿಲ್ಲ. ಮೈ ನಡುಗುತ್ತಿತ್ತು, ಮೂಗು ಸೋರುತ್ತಿತ್ತು, ಹೊಟ್ಟೆ ನುಲಿಯುತ್ತಿತ್ತು.

"ಔಷಧಿ ಏನಾದ್ರೂ ಬದಲಾಯ್ಸಿದ್ರಾ?" ಎಂದು ಕೇಳಿದೆ.

"ಇಲ್ಲ ಟೀಚರಮ್ಮ. ಅದೇ" ಎಂದ. ಅವತ್ತು ಮಾತ್ರ ನನ್ನ ಕಣ್ಣು ನೋಡಲಿಲ್ಲ.

ಹಾಗಾದರೆ ನನಗೇ ಹುಚ್ಚು ಹಿಡಿಯುತ್ತಿದೆ ಎಂದುಕೊಂಡೆ. ರಾತ್ರಿಯದನ್ನು ಬಿಟ್ಟು, ಎರಡು ಗುರುತನ್ನೂ ಬೆಳಿಗ್ಗೆಯೇ ಒಟ್ಟಿಗೆ ಕುಡಿಯತೊಡಗಿದೆ. ಸೀಸೆ ಆರು ದಿನಕ್ಕೇ ಮುಗಿಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಹೀಗೇ ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಸೋಮವಾರ ಆವುಲಪ್ಪ ಇರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದನಂತೆ. ಚಿಂತಾಮಣಿಯಿಂದ ಬಂದಿದ್ದ ಮುನಿವೆಂಕಟಪ್ಪ ಎಂಬ ಹಿರಿಯರು ಡಾಕ್ಟರ ಚೀಟಿ ನೋಡಿ, ಬರೆದಿದ್ದಷ್ಟನ್ನೂ ಹಾಕಿ ಸೀಸೆ ತುಂಬಿಕೊಟ್ಟರು. ಮಾರನೇ ದಿನ ಸ್ಕೂಲಿಗೆ ರಜಾ. ತಿಂಡಿ ತಿಂದು ಎರಡು ಗುರುತು ಕುಡಿದೆ. ಹತ್ತು ನಿಮಿಷ ಕಾದೆ. ನೋವು ಹಾಗೇ ಇತ್ತು. ಮೂರನೆಯದನ್ನೂ ಕುಡಿದೆ.

ಮುಂದಿನದು ಅಮ್ಮ ಹೇಳಿದ್ದು. ಊಟಕ್ಕೆ ಎಬ್ಬಿಸಿದರೆ ನಾನು ಏಳಲಿಲ್ಲ. ತುಟಿ ನೀಲಿಯಾಗಿತ್ತು. ಜಟಕಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದಳು. ಡಾಕ್ಟರು ಹೊಟ್ಟೆ ತೊಳೆಸಿ, ಸೂಜಿ ಕೊಟ್ಟು, ಇವಳನ್ನು ಮಲಗೋಕೆ ಬಿಡಬೇಡಿ ಎಂದರು. ಆಗಲೇ ಗೌರಿಬಿದನೂರಿನ ಕಡೆಯಿಂದ ಬಂದ ಬಸ್ಸು ಇಳಿದು, ಕೈಚೀಲ ಹಿಡಿದುಕೊಂಡೇ ಆವುಲಪ್ಪ ಒಳಗೆ ಬಂದನಂತೆ.

ನನಗೆ ನೆನಪಿರುವುದು ಒಂದು ದನಿ ಮಾತ್ರ. ಯಾರೋ ನನ್ನ ಎರಡೂ ರಟ್ಟೆ ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದಾರೆ, ಬೈಯುತ್ತಿದ್ದಾರೆ.

"ನಡೀರಿ! ಕಣ್ಣು ಬಿಡಿ! ಬೈರಿ ನನ್ನ, ಎಲ್ಲಿ ಹೋಯ್ತು ಆ ಬಾಯಿ? ಟೀಚರಮ್ಮ! ಹದಿಮೂರರ ಮಗ್ಗಿ ಹೇಳ್ರೀ!"

ಹೊತ್ತು ಮುಳುಗುವವರೆಗೂ ನಡೆಸಿದನಂತೆ.

ಮೂರನೇ ದಿನ ಮನೆಯಲ್ಲಿ ಎದ್ದು ಕುಳಿತಾಗ ಆವುಲಪ್ಪ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬಿಟ್ಟಿದ್ದ.

"ಎರಡು ತಿಂಗಳಿಂದ ನಾನೇ ಟಿಂಚರ್ ಕಮ್ಮಿ ಮಾಡ್ತಾ ಬಂದೆ" ಎಂದ. "ಬಣ್ಣಕ್ಕೆ ಬೆಲ್ಲ ಸುಟ್ಟು ಹಾಕ್ತಿದ್ದೆ. ಕಹಿಗೆ ನೆಲಬೇವು. ನಿಮ್ಮ ಕಣ್ಣಿನ ಪಾಪೆ ಸಾಸಿವೆ ಕಾಳಷ್ಟಾಗಿತ್ತು. ನಮ್ಮಪ್ಪಂದೂ ಹಂಗೇ ಇತ್ತು. ಮಂಡಿ ನೋವಿಗೆ ಅಂತ ಅಫೀಮು ಶುರು ಮಾಡ್ದೋರು, ಕೊನೆಗೆ ಮಂಡಿನೂ ನೆನಪಿರ್ಲಿಲ್ಲ, ಮಕ್ಕಳೂ ನೆನಪಿರ್ಲಿಲ್ಲ."

ಅಂದರೆ ಆ ನೋಟ! ಪ್ರತಿ ಸೋಮವಾರ ನಾನು ಮಲ್ಲಿಗೆ ಮುಡಿದು ಹೋಗಿ ನಿಂತದ್ದು ಪಾಪೆ ಅಳೆಸಿಕೊಳ್ಳುವುದಕ್ಕೆ! ಪಕ್ಕದಲ್ಲಿದ್ದ ಕಾಫಿ ಲೋಟ ಎತ್ತಿ ಎಸೆದೆ. ಅದು ಆತನ ಭುಜಕ್ಕೆ ಬಡಿಯಿತು. ಆತ ಅಲುಗಲಿಲ್ಲ.

"ನಿನ್ನನ್ನ ಯಾರೋ ಕೇಳಿದ್ದು?" ಎಂದು ಕೂಗಿದೆ. ಬಹುವಚನ ಎಲ್ಲಿ ಹೋಯಿತೋ! "ನೋವು ನಂದು, ಮೈ ನಂದು! ಔಷಧಿ ಅದೇನಾ ಅಂತ ಬಾಯಿಬಿಟ್ಟು ಕೇಳ್ದೆ. ನೀನು ಅದೇ ಅಂದೆ! ನನಗೆ ತಲೆ ಕೆಟ್ಟಿದೆ ಅಂದ್ಕೊಂಡು ಅತ್ತಿದ್ದೀನಿ ಕಣೋ. ನೀನು ಸುಳ್ಳು ಹೇಳ್ದೇ ಇದ್ರೆ ನಾನ್ಯಾಕೆ ಎರಡೆರಡು ಕುಡೀತಿದ್ದೆ?"

"ತಪ್ಪು ನಂದೇ" ಎಂದ. "ಡಾಕ್ಟರಿಗೂ ಹೇಳ್ದೆ. ಕೆಲ್ಸದಿಂದ ತೆಗೆದ್ರು."

ಆತ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುನಿವೆಂಕಟಪ್ಪನವರ ಮೇಲೆ ಬರುತ್ತಿತ್ತು ಅಪವಾದ.

"ಡಾಕ್ಟರು ಈಗ ತಾವೇ ಕಮ್ಮಿ ಮಾಡ್ತಾ ಹೋಗೋಕೆ ಚೀಟಿ ಬರೆದಿದ್ದಾರೆ. ವಾರವಾರ ಇಷ್ಟಿಷ್ಟು ಹನಿ. ಒಂದೇ ಸಲ ಬಿಡಬಾರದು. ಮುನಿವೆಂಕಟಪ್ಪನವ್ರು ಹಾಕಿಕೊಡ್ತಾರೆ. ನಾನು ಬರ್ತೀನಿ" ಎಂದು ತಿರುಗಿದ.

"ಎಲ್ಲಿಗೆ ಬರೋದು? ಕೂತ್ಕೊಳ್ಳಿ!"

ಕುಳಿತ. ನಾನು ಅಮ್ಮನ ಕತ್ತರಿಯನ್ನೂ ಹಳೇ ಎಕ್ಸರ್ಸೈಜ್ ಪುಸ್ತಕದ ಹಾಳೆಯನ್ನೂ ಮುಂದೆ ತಳ್ಳಿದೆ.

"ಯಾವ ವಾರ ಎಷ್ಟು ಹನಿ, ಬಾಯಲ್ಲಿ ಹೇಳಿ. ಗುರುತು ನಾನೇ ಕತ್ತರಿಸ್ತೀನಿ. ಇನ್ಮೇಲೆ ನನಗೆ ಗೊತ್ತಿಲ್ದೆ ನನಗೆ ಒಳ್ಳೇದು ಮಾಡೋಕೆ ಬಂದ್ರೆ ಈ ಕತ್ತರಿ ನಿಮ್ಮ ಮೂಗಿಗೆ."

ಆತ ಹೇಳುತ್ತಾ ಹೋದ, ನಾನು ಕತ್ತರಿಸುತ್ತಾ ಹೋದೆ. ನಿಂತು ಪಾಠ ಮಾಡಬೇಡಿ, ಸ್ಟೂಲ್ ಹಾಕಿಸಿಕೊಳ್ಳಿ ಎಂದ. ಸಂಜೆ ಉಪ್ಪಿನ ಶಾಖ, ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ನಡಿಗೆ ಎಂದ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

"ಪಾಪೆ ನೋಡ್ತಿದ್ರಂತೆ, ಪಾಪೆ! ನಾನು ದಡ್ಡಿ, ಹೂವು ಬೇರೆ ಮುಡ್ಕೊಂಡು ಬರ್ತಿದ್ದೆ."

ಆವುಲಪ್ಪ ಹಾಳೆಯ ಮೇಲೇ ಕಣ್ಣಿಟ್ಟು, "ಪಾಪೆ ನೋಡೋಕೆ ಎರಡು ಗಳಿಗೆ ಸಾಕು ಟೀಚರಮ್ಮ" ಎಂದ. "ಮಿಕ್ಕಿದ್ದು ನನ್ನ ತಪ್ಪು." ಆತನ ಕಿವಿ ಕೆಂಪಾಗಿತ್ತು.

ಒಳಗೆ ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ನಾನು ಕತ್ತರಿ ಕೆಳಗಿಟ್ಟೆ.

"ಒಂದು ಮಾತು ಕೇಳ್ತೀನಿ. ಸುಳ್ಳು ಹೇಳ್ಬಾರ್ದು. ನನ್ನ ಬೆನ್ನು ನೋವು ಹೋಗುತ್ತಾ?"

ಆತ ತಲೆಯೆತ್ತಿ ನೇರವಾಗಿ ನನ್ನ ಕಣ್ಣು ನೋಡಿದ. ತುಂಬ ಹೊತ್ತು ನೋಡಿದ.

"ಇಲ್ಲ" ಎಂದ. "ಕಮ್ಮಿಯಾಗಬಹುದು. ಪೂರ್ತಿ ಹೋಗಲ್ಲ."

ಎರಡು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಸಿಟ್ಟಿನಲ್ಲೇ ಹೇಳಿದೆ:

"ಹಾಗಾದ್ರೆ ಒಳಗೆ ಹೋಗಿ ನಮ್ಮಮ್ಮನ್ನ ಕೇಳಿ. ಕೆಲ್ಸ ಇಲ್ಲ ಅನ್ನೋದನ್ನೂ ಮುಚ್ಚಿಡ್ದೆ ಹೇಳಿ."