ಸಮೀಕರಣ ಬರೆಯುವ ಸಂಜೆಗಳು

"ಯಾರಿಗ್ರೀ ಅಷ್ಟುದ್ದ ಮೆಸೇಜು?"

ಸ್ಟಾಫ್‌ರೂಮಿಗೆ ಬಂದ ಹುಲಗೇಶ ನಗುತ್ತಾ ಕೇಳಿದ. ಮಲ್ಲಿಕಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಮೆಸೇಜ್ ಕಳಸೂವಂಥವ್ರು ನನಗ ಯಾರದಾರ್ರಿ? ವರ್ಗಮೂಲದ ಚಿಹ್ನೆ ಹುಡುಕಾಕತ್ತೇನಿ."

ಹುಲಗೇಶನ ನಗು ಅಲ್ಲಿಗೇ ನಿಂತಿತು.

ಹಾನಗಲ್ಲಿನ ಆ ಕಾಲೇಜಿನಲ್ಲಿ ಮಲ್ಲಿಕಾ ಗಣಿತ ಕಲಿಸುತ್ತಿದ್ದಳು. ಬಸ್ ಅಪಘಾತದಲ್ಲಿ ಬಲಗೈ ಜಜ್ಜಿಹೋದ ಮೇಲೆ ಬೋರ್ಡಿನ ಮೇಲೆ ಬರೆಯಲಾಗುತ್ತಿರಲಿಲ್ಲ. ಗೊತ್ತಾಗಿದ್ದ ಮದುವೆಯೂ ಅದೇ ಕಾರಣಕ್ಕೆ ಮುರಿದುಬಿತ್ತು. ಈಗ ಪಾಠವನ್ನೆಲ್ಲ ಎಡಗೈಯಲ್ಲೇ ಟೈಪ್ ಮಾಡಿ ಪರದೆಯ ಮೇಲೆ ತೋರಿಸುತ್ತಿದ್ದಳು. ಒಂದೊಂದು ಚಿಹ್ನೆಗೂ ಮೆನುಗಳಲ್ಲಿ ತಡಕಾಡಬೇಕಿತ್ತು.

ಮರುದಿನ ಸಂಜೆ, ಕಂಪ್ಯೂಟರ್ ಕಲಿಸುತ್ತಿದ್ದ ಹುಲಗೇಶ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ನೋಟ್ಸ್ ಆ್ಯಪಿಗೆ ಪ್ಲಗಿನ್ ಎಂಬ ಸಣ್ಣದೊಂದು ಹೆಚ್ಚುವರಿ ಸೌಲಭ್ಯ ಜೋಡಿಸಿದ.

"ಬರೇ ಎಸ್ ಕ್ಯೂ ಒತ್ರಿ."

ಒತ್ತಿದಳು. ವರ್ಗಮೂಲದ ಚಿಹ್ನೆ ತಾನಾಗಿ ಮೂಡಿತು.

"ಅಯ್ಯ! ಇಷ್ಟ ಏನ್ರಿ?"

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಹುಲಗೇಶ ಪರದೆ ನೋಡುವುದನ್ನೇ ಮರೆತ.

ಮುಂದಿನ ಸಂಜೆಗಳಲ್ಲಿ ಭಿನ್ನರಾಶಿ, ಅನುಕಲನ, ಮ್ಯಾಟ್ರಿಕ್ಸ್. ಎಡಗೈಗೆ ಸಿಗುವ ಅಕ್ಷರಗಳನ್ನೇ ಆರಿಸಿ ಒಂದೊಂದಕ್ಕೂ ಶಾರ್ಟ್‌ಕಟ್ ಮಾಡಿಕೊಟ್ಟ. ಕೊನೆಗೊಂದು ದಿನ ಮಾಡಲು ಏನೂ ಉಳಿಯಲಿಲ್ಲ.

"ಇನ್ನ ನನ್ನ ಕೆಲಸ ಮುಗೀತ್ರಿ," ಎಂದು ಎದ್ದ. ಮಲ್ಲಿಕಾ "ಥ್ಯಾಂಕ್ಸ್ ರೀ" ಎಂದಳಷ್ಟೆ. ಅದೇ ತಿಂಗಳು ಹಿರೇಕೆರೂರಿನ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿ ಅವನು ಹೊರಟುಹೋದ.

ಈಗ ನೋಟ್ಸ್ ಬೇಗ ಮುಗಿಯುತ್ತಿತ್ತು. ಉಳಿದ ಸಂಜೆಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಖಾನಾವಳಿಯಿಂದ ತಂದದ್ದನ್ನು ಉಂಡು, ಎದುರು ಮನೆಯ ಟಿವಿ ಸದ್ದು ಕೇಳುತ್ತಾ ಬಾಡಿಗೆ ಕೋಣೆಯಲ್ಲಿ ಕೂತಿರುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅವನಿಗೆ ಫೋನ್ ಹಚ್ಚಿದಳು.

"ಏನಾತ್ರಿ ಮೇಡಂ? ಪ್ಲಗಿನ್ ಕೆಟ್ಟೈತೇನು?"

ಹೌದೆನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಇಲ್ರಿ, ಅದು ಚಲೋ ನಡದೈತಿ. ನನಗ ನಿಮ್ಮ ನೆನಪಾಗಾಕತ್ತೈತಿ."

ಅಂದುಬಿಟ್ಟಳು. ಅವಳಿಗೆ ನಾಚಿಕೆಯಿಂದ ಅಳು ಬಂತು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ—

"ಆ ಶಾರ್ಟ್‌ಕಟ್ ಎಲ್ಲಾ ಒಂದ ದಿನದ ಕೆಲಸ ಇತ್ರಿ," ಎಂದ ಹುಲಗೇಶ. "ನಾನ ಬೇಕಂತ ದಿನಾ ಇಷ್ಟಿಷ್ಟ ಮಾಡಿದ್ನಿ. ಹೇಳಾಕ ಧೈರ್ಯ ಆಗಲಿಲ್ಲ. ಈಗ ಬರ್ಲೇನ್ರಿ?"

"ಬರ್ರಿ. ಆದ್ರ ರೊಟ್ಟಿ ಬಡಿಯಾಕ ನನ್ನ ಕೈಲಿ ಆಗೂದಿಲ್ಲ."

"ನಾ ಬಡೀತೇನಿ. ಅವ್ವ ಕಲಿಸ್ಯಾಳ."

ಮಲ್ಲಿಕಾ ಕಣ್ಣೊರೆಸಿಕೊಂಡು ಪಾತ್ರೆ ಅಂಗಡಿಗೆ ಹೊರಟಳು. ಮನೆಯಲ್ಲಿ ಇದ್ದದ್ದು ಒಂದೇ ತಟ್ಟೆ.