ಅರ್ಧಕ್ಕೆ ಬಿಟ್ಟ ಗಂಟು

“ಬಲೆ ಎಷ್ಟು ಬೇಕಾದ್ರೂ ನೋಡಿ. ತುದೀಲಿ ಅರ್ಧಕ್ಕೆ ಬಿಟ್ಟಿರೋ ಗಂಟು ಇದೆಯಲ್ಲ, ಅದನ್ನ ಮಾತ್ರ ಮುಟ್ಟಬೇಡಿ. ಯಾರ ಹೆಸರು ಬಾಯಲ್ಲಿರುವಾಗ ಅದು ಬಿಗಿಯುತ್ತೋ, ಅವರು ತಮ್ಮೋರ ಮನಸ್ಸಿಂದ ಅಳಿಸಿಹೋಗ್ತಾರೆ. ಬಿಗಿದೋರಿಗೆ ಮಾತ್ರ ನೆನಪು ಉಳಿಯುತ್ತೆ.”

ಬಲೆಮನೆಯ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತ ಮುದುಕಿ ಇಷ್ಟು ಹೇಳಿದ್ದೇ ತಡ, ಮೆಕ್ಯಾನಿಕ್ ನಕ್ಕುಬಿಟ್ಟ. “ನಮ್ಮ ಸೂಪರ್‌ವೈಸರ್ ಹೆಸರು ಹೇಳಿ ಬಿಗೀಲಾ ಅಜ್ಜಿ? ಅವನ ಹೆಂಡ್ತಿಗಾದ್ರೂ ನೆಮ್ಮದಿ ಸಿಗಲಿ.”

ಊರವರೆಲ್ಲ ಬೀಗದಜ್ಜಿ ಎಂದು ಕರೆಯುವ ಆ ಮುದುಕಿ ನಗಲಿಲ್ಲ.

ಲಿಫ್ಟ್ ರಿಪೇರಿ ಅವನ ಕಸುಬು. ಉಕ್ಕಿನ ಹಗ್ಗ, ನಟ್ಟು, ಬೋಲ್ಟು, ಇವಿಷ್ಟನ್ನೇ ನಂಬಿ ಬದುಕಿದವನು. ಮಗಳು ಪುಟ್ಟಿ ಜ್ವರದಲ್ಲಿ ತೀರಿಕೊಂಡ ಮೇಲೆ ಅವನು ಕೆಲಸಕ್ಕೆ ಅಂಟಿಕೊಂಡ. ಹೆಂಡತಿ ಮಾತ್ರ ಮಗಳ ನೆನಪಿಗೇ ಅಂಟಿಕೊಂಡಿದ್ದಳು. ಜಾಗ ಬದಲಾದರೆ ಮನಸ್ಸು ಬದಲಾದೀತು ಎಂದು ಯಾರೋ ಹೇಳಿದ್ದಕ್ಕೆ ಅವಳನ್ನು ಈ ಪುಟ್ಟ ಕಡಲೂರಿಗೆ ಕರೆತಂದಿದ್ದ. ಬೆಳಗಿನಿಂದ ದೀಪಸ್ತಂಭ ಹತ್ತಿದರು, ಕಪ್ಪೆಚಿಪ್ಪಿನ ಅಂಗಡಿಗಳಲ್ಲಿ ಅಲೆದರು, ಮೀನು ಹರಾಜು ನೋಡಿದರು. ಎಲ್ಲಿ ಹೋದರೂ ಹೆಂಡತಿಯದ್ದು ಅದೇ ಮಾತು: “ಪುಟ್ಟಿ ಇದ್ದಿದ್ರೆ…” ಹೇಳುವಾಗಲೆಲ್ಲ ಪರ್ಸಿನೊಳಗೆ ಕೈ ಹಾಕಿ ಮಗಳ ಕೆಂಪು ಕ್ಲಿಪ್ಪನ್ನು ಸವರುತ್ತಿದ್ದಳು.

ನೋಡಲು ಉಳಿದದ್ದು ಬಲೆಮನೆಯೊಂದೇ. ಒಳಗೆ ಕಾಲಿಟ್ಟರೆ ಡಾಂಬರಿನ ಘಾಟು, ಕೊಳೆತ ಮೀನಿನ ನಾತ, ಒದ್ದೆ ಹಗ್ಗದ ಮುಗ್ಗಲು ವಾಸನೆ. ಹೊರಗೆ ಸಂಜೆ ಬಿಸಿಲಿದ್ದರೂ ಒಳಗಿನ ಕತ್ತಲು ಕದಲಿರಲಿಲ್ಲ. ತೊಲೆಯಿಂದ ನೆಲದವರೆಗೆ ಆ ಕರಿಯ ಬಲೆ ಇಳಿಬಿದ್ದಿತ್ತು. ಬಾಗಿಲಿಂದ ನುಗ್ಗುವ ಕಡಲ ಗಾಳಿಯಲ್ಲೂ ಅಲ್ಲಾಡದೆ.

ಅದರ ಕತೆಯನ್ನು ಬೀಗದಜ್ಜಿ ಬಾಗಿಲಲ್ಲಿ ನಿಂತೇ ಹೇಳಿದಳು. ಹಿಂದೆ ಇಲ್ಲಿ ಬಲೆ ಹೆಣೆಯುವ ಹೆಣ್ಣೊಬ್ಬಳಿದ್ದಳು. ಒಂದು ದೋಣಿ ಮುಳುಗಿದಾಗ, ಅವಳು ಗಂಟಿನಲ್ಲಿ ಮಾಟ ಇಟ್ಟಿದ್ದಾಳೆಂದು ಊರವರು ಓಡಿಸಿದರು. ಅವಳಿಗೆ ಮಾಟವೇ ಗೊತ್ತಿರಲಿಲ್ಲ. ತವರಿನ ಬಾಗಿಲು ಬಡಿದರೆ, “ನೀನ್ಯಾರೋ ನಮಗೆ ಗೊತ್ತಿಲ್ಲ” ಎಂದಳಂತೆ ಹೆತ್ತ ತಾಯಿ. ಆಮೇಲೆ ಅವಳು ಮಾಟ ಕಲಿತಳು. ತನ್ನ ಕೂದಲನ್ನೇ ದಾರಕ್ಕೆ ಸೇರಿಸಿ, ಗಂಟಿಗೊಂದು ಹೆಸರು ಹೇಳುತ್ತ ಈ ಬಲೆ ಹೆಣೆದಳು. ಊರಲ್ಲಿ ಗಂಡಂದಿರಿಗೆ ಹೆಂಡಿರ ಗುರುತು ಸಿಗಲಿಲ್ಲ, ತಾಯಂದಿರಿಗೆ ಮಕ್ಕಳ ಗುರುತು ಸಿಗಲಿಲ್ಲ. ಕೊನೆಯ ಗಂಟು ತನ್ನ ಅಮ್ಮನದು. ಅದನ್ನು ಎಳೆಯಲು ಅವಳಿಗೆ ಕೈ ಬರಲಿಲ್ಲ.

“ಪುಟ್ಟಿ ಇದ್ದಿದ್ರೆ ಈ ಕತೆ ಕೇಳಿ ಹೆದರಿ ನನ್ನ ಸೆರಗಿನೊಳಗೆ ಸೇರ್ಕೋತಿದ್ಲು,” ಎಂದಳು ಹೆಂಡತಿ. ಅವಳ ದನಿ ಒಡೆಯಿತು.

ಅವನಿಗೆ ರೇಗಿತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ಸಂಕಟ. ಆದರೆ ಗಂಡಸರಿಗೆ ಸಂಕಟವೂ ಸಿಟ್ಟಿನ ವೇಷದಲ್ಲೇ ಬರುತ್ತದೆ. ಸಡಿಲವಾಗಿ ನೇತಾಡುವ ಹಗ್ಗದ ತುದಿ ಕಂಡರೆ ಎಳೆದು ಬಿಗಿಯುವುದು ಅವನ ಕೈಗೆ ಅಂಟಿದ ಚಾಳಿ. ಲಿಫ್ಟ್ ಇಳಿಯುವ ಆಳದ ಗುಂಡಿಯಲ್ಲಿ ಎಷ್ಟೋ ಜನರ ಜೀವ ಉಳಿಸಿದ ಚಾಳಿ ಅದು. ಕೈ ತನ್ನಷ್ಟಕ್ಕೆ ಹೋಗಿ ಆ ಅರ್ಧ ಗಂಟಿನ ತುದಿ ಹಿಡಿಯಿತು.

“ಸಾಕು ಮಾಡೇ! ಹೊತ್ತು ಹುಟ್ಟಿದ್ರೆ ಪುಟ್ಟಿ, ಹೊತ್ತು ಮುಳುಗಿದ್ರೆ ಪುಟ್ಟಿ…”

ಗಂಟು ಬಿಗಿಯಿತು. ಬಲೆ ಒಮ್ಮೆ ಉಸಿರಾಡಿತು.

ಬೀಗದಜ್ಜಿಯ ಕೈಯಿಂದ ಬೀಗದ ಕೈ ಕಳಚಿ ಬಿತ್ತು. ಹೆಂಡತಿ ಮಾತ್ರ ಕಣ್ಣೊರೆಸಿಕೊಂಡು ಅವನತ್ತ ನೋಡಿ ನಕ್ಕಳು. ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. “ಯಾಕ್ರೀ ಕೂಗಾಡ್ತೀರಾ? ಬನ್ನಿ, ಇಲ್ಲಿ ಗಬ್ಬು ವಾಸನೆ. ನನಗೆ ಹಸಿವು.”

ಹಸಿವು! ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ದೋಣಿ ಕಟ್ಟುವ ಮರದ ಜೆಟ್ಟಿಯ ಮೇಲೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು, ಏನೋ ಗುನುಗಿದಳು. ಅವನ ಎದೆ ಹಗುರಾಗುತ್ತಿರುವಾಗಲೇ ಅವಳು ಪರ್ಸಿನಿಂದ ಕೆಂಪು ಕ್ಲಿಪ್ ತೆಗೆದು ತಿರುಗಿಸಿ ನೋಡಿದಳು.

“ಯಾರದ್ರೀ ಇದು? ನನ್ನ ಪರ್ಸಿಗೆ ಹೇಗೆ ಬಂತು?” ಎಂದವಳೇ ನೀರಿಗೆ ಎಸೆಯಲು ಕೈ ಎತ್ತಿದಳು. ಅವನು ಆ ಕೈ ಹಿಡಿದ.

“ಪುಟ್ಟಿದು ಕಣೇ.”

“ಯಾವ ಪುಟ್ಟಿ?” ಅವಳು ಸಮುದ್ರದ ಕಡೆ ತಿರುಗಿ ಮೆಲ್ಲಗೆ ಹೇಳಿದಳು, “ನಮಗೂ ಒಂದು ಮಗು ಆಗಿದ್ದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ ರೀ?”

ಅವನು ಕ್ಲಿಪ್ಪನ್ನು ಅವಳ ಅಂಗೈಯಲ್ಲೇ ಮುಚ್ಚಿ, “ಎಸೀಬೇಡ, ಇಲ್ಲೇ ಕೂತಿರು” ಎಂದು ಓಡಿದ.

ಬೀಗದಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. “ಬಿಚ್ಚಿದ್ರೆ ಮಗು ವಾಪಸ್ ನೆನಪಾಗುತ್ತೆ. ಬಿಚ್ಚಿದೋರು ಅಳಿಸಿಹೋಗ್ತಾರೆ,” ಎಂದಳು. “ಆ ನೀಲಿ ಬಾಗಿಲಿನ ಮನೆ ನನ್ನ ಮಗಂದು. ಮೊಮ್ಮಗಳ ಹೆಸರಿಗೆ ಬಿಗಿದಿದ್ದ ಗಂಟನ್ನ ನಾನೂ ಒಂದ್ಸಲ ಬಿಚ್ಚಿದೆ. ಮಗ ದಿನಾ ಮಾತಾಡಿಸ್ತಾನೆ, ‘ಏನಜ್ಜಿ, ಚೆನ್ನಾಗಿದೀರಾ?’ ಅಂತ. ಅಮ್ಮ ಅನ್ನಲ್ಲ… ಬಿಟ್ಬಿಡಪ್ಪ. ಅವಳು ನಗ್ತಾ ಇದಾಳಲ್ಲ.”

ಹೌದು, ನಗುತ್ತಿದ್ದಳು. ಅವಳು ಮರೆಯಲಿ ಎಂದು ಹಂಬಲಿಸಿದವನು ಅವನೇ. ಆದರೆ ಪುಟ್ಟಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಅಮ್ಮನ ಮನಸ್ಸೊಂದೇ. ಅಲ್ಲಿಂದಲೂ ಮಗುವನ್ನು ಹೊರಗೆ ಹಾಕಿದ್ದ ಅವನು.

ಒಳಗೆ ಹೋದ. ಕತ್ತಲು. ಡಾಂಬರಿನ ಘಾಟು. ಬೆರಳಿಗೆ ಗಂಟು ಸಿಕ್ಕಿತು. ಬೆಚ್ಚಗಿತ್ತು. ಎಳೆದ. ಜಗ್ಗಲಿಲ್ಲ. ಉಗುರು ಕಿತ್ತುಬಂತು. ಕೂದಲೆಳೆಗಳು ಮಣಿಕಟ್ಟಿಗೆ ಸುತ್ತಿಕೊಂಡವು. ಕಿವಿಯ ಬಳಿ ಹೆಣ್ಣೊಬ್ಬಳ ಬಿಕ್ಕು. ಹಲ್ಲಿನಿಂದ ಕಚ್ಚಿದ. ಬಾಯಲ್ಲಿ ಉಪ್ಪು. ರಕ್ತ. ಎಳೆದ. ಎಳೆದ.

ಗಂಟು ಸಡಿಲವಾಯಿತು.

ಜೆಟ್ಟಿಯ ತುದಿಯಿಂದ ಚೀತ್ಕಾರ ಕೇಳಿಸಿತು. “ಪುಟ್ಟೀ…”

ಅವನು ಓಡಿಬಂದಾಗ ಅವಳು ಹಲಗೆಯ ಮೇಲೆ ಕುಸಿದು, ಕ್ಲಿಪ್ಪನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು. ಅಪ್ಪಿಕೊಳ್ಳಲೆಂದು ಬಗ್ಗಿದ. ಅವಳು ಗಾಬರಿಯಿಂದ ಹಿಂದೆ ಸರಿದು ಸೆರಗು ಸರಿಮಾಡಿಕೊಂಡಳು.

“ಏನಿಲ್ಲ ಅಣ್ಣಾ… ತೀರಿಹೋದ ಮಗಳ ನೆನಪಾಯ್ತು. ಬಸ್ ಸ್ಟ್ಯಾಂಡ್ ಯಾವ ಕಡೆ?”

ರಕ್ತ ಒಸರುವ ಬೆರಳುಗಳನ್ನು ಅವನು ಜೇಬಿಗೆ ಸೇರಿಸಿದ. “ನಾನೂ ಆ ಕಡೆಗೇ. ಬನ್ನಿ, ತೋರಿಸ್ತೀನಿ.”

ಇಬ್ಬರೂ ಜೆಟ್ಟಿ ದಾಟಿ ರಸ್ತೆಗೆ ಬಂದರು. ಆಮೇಲೆ ಅವನೇ ಕೇಳಿದ: “ನಿಮ್ಮ ಮಗಳ ಬಗ್ಗೆ ಸ್ವಲ್ಪ ಹೇಳ್ತೀರಾ?”

ಅವಳು ಹೇಳತೊಡಗಿದಳು. ಕತ್ತಲೆಗೆ ಹೆದರುತ್ತಿದ್ದುದು, ಲಿಫ್ಟ್ ಹತ್ತಿದರೆ ಎಲ್ಲ ಗುಂಡಿಗಳನ್ನೂ ಒತ್ತುತ್ತಿದ್ದುದು, ಎಲ್ಲವನ್ನೂ. ಬಸ್ಸು ಬಂದು ನಿಂತರೂ ಅವಳ ಮಾತು ಮುಗಿದಿರಲಿಲ್ಲ.

“ಪುಟ್ಟಿ ವಿಷಯ ಇಷ್ಟೊಂದು ಹೊತ್ತು ಯಾರೂ ಕೇಳಿಸ್ಕೊಂಡಿರಲಿಲ್ಲ ಅಣ್ಣಾ,” ಎಂದು ಅವಳು ಬಸ್ಸು ಹತ್ತಿದಳು.