ಹಿಲ್ಗೇರೋ ಕುರುಡನನ್ನು ಏಕೆ ಕೊಂದ?

ಸಾರೋಟು ನಮ್ಮ ತಂಗುಮನೆಯ ಅಂಗಳಕ್ಕೆ ಬಂದು ನಿಂತಾಗ ಹೇಸರಗತ್ತೆಗಳ ಬಾಯಲ್ಲಿ ನೊರೆ ಸುರಿಯುತ್ತಿತ್ತು. ಸಾರಥಿ ಮೆಲ್ಚೋರ್ ಕೆಳಗಿಳಿಯಲಿಲ್ಲ. ಲಗಾಮು ಹಿಡಿದ ಕೈ ಸಡಿಲಿಸದೆ, "ದೊನ್ಯಾ ಬ್ರಿಹಿದಾ, ಬಾಗಿಲು ನೀವೇ ತೆಗೀರಿ. ನನ್ನ ಕೈಲಾಗಲ್ಲ" ಎಂದ.

ಅವನು ದೊನ್ಯಾ ಎಂದು ಮರ್ಯಾದೆಯಿಂದ ಕರೆದದ್ದು ನನ್ನ ಅತ್ತಿಗೆಯನ್ನು, ಆದರೆ ಸಾರೋಟಿನ ಬಾಗಿಲು ತೆಗೆದವಳು ನಾನು. ನಮ್ಮ ಹಿತ್ತಿಲ ಕೋಣೆಯಲ್ಲೇ ವಾಸವಿದ್ದ ಕುರುಡ ಹಾಡುಗಾರ ನಸಾರಿಯೋ ಗಿಟಾರನ್ನು ತಬ್ಬಿಕೊಂಡು ಮೂಲೆಗೆ ಒರಗಿದ್ದ. ಮುಖದಲ್ಲಿ ಅರ್ಧ ನಗು ಹಾಗೇ ನಿಂತುಬಿಟ್ಟಿತ್ತು. ಗಿಟಾರಿನ ಹೊಟ್ಟೆಯಲ್ಲಿ ಒಂದು ತೂತು, ಅದರ ಹಿಂದೆ ಅವನ ಎದೆಯಲ್ಲಿ ಇನ್ನೊಂದು. ಎದುರಿಗೆ ಊರ ಮುಖಂಡರ ಮಗಳು ಅಂಪಾರೋ ಬಿಳಿಚಿಕೊಂಡು ಕೂತಿದ್ದಳು. ಅವಳ ಚಿಕ್ಕಮ್ಮ ಜಪಮಣಿ ಹಿಡಿದು ಬಿಕ್ಕುತ್ತಿದ್ದರು.

"ಯಾರು ಮಾಡಿದ್ದು?" ಎಂದು ಕೇಳಿದೆ.

"ಹಿಲ್ಗೇರೋ," ಎಂದಳು ಅಂಪಾರೋ. ಆ ಹೆಸರು ಅವಳ ಬಾಯಿಂದಲೇ ಬಂದಿತೆಂದು ಅವಳಿಗೇ ನಂಬಿಕೆಯಾಗಲಿಲ್ಲ.

ನಂಬುವುದಾದರೂ ಹೇಗೆ? ನಮ್ಮೂರು ಸಾನ್ ಬ್ರೌಲಿಯೋದಲ್ಲಿ ಆಗ ಮಕ್ಕಳು ಪ್ರಾರ್ಥನೆ ಕಲಿಯುವ ಮೊದಲೇ ಹಿಲ್ಗೇರೋನ ಹಾಡು ಕಲಿಯುತ್ತಿದ್ದವು. ಕಣಿವೆದಾರಿಯ ದರೋಡೆಕೋರ ಅವನು. ಹಾಡಿನ ಪ್ರಕಾರ ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವವನು, ಹೆಂಗಸರ ಒಡವೆ ಮುಟ್ಟದವನು, ಬರಿಗೈಯಲ್ಲಿ ಅವರ ಕೈ ಹಿಡಿದು ಮುತ್ತಿಟ್ಟು ಜಡೆಯ ಪಟ್ಟಿಯೊಂದನ್ನು ನೆನಪಿಗೆ ಕೇಳಿ ಹೋಗುವವನು, ರಕ್ತ ಹರಿಸದವನು. ಆ ಹಾಡು ಕಟ್ಟಿದವನೇ ನಸಾರಿಯೋ. ಈಗ ಹಾಡಿನ ನಾಯಕ ಬಂದು ಹಾಡು ಕಟ್ಟಿದವನನ್ನೇ ಕೊಂದಿದ್ದ! ಅಂಗಳದಲ್ಲಿ ಜನ ಸೇರಿದರು. ರೊಟ್ಟಿ ತಟ್ಟುತ್ತಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಬಂದು ಶಿಲುಬೆಯ ಗುರುತು ಮಾಡಿಕೊಂಡಳು.

ಅತ್ತಿಗೆ ಬ್ರಿಹಿದಾ ಮಾತ್ರ ಸಾರೋಟಿನೊಳಗೆ ಬಗ್ಗಿ ನೋಡುತ್ತಲೇ ಇದ್ದರು. ನನ್ನ ಅಣ್ಣ ತೀರಿಕೊಂಡ ಮೇಲೆ ತಂಗುಮನೆ ನಡೆಸುತ್ತಿದ್ದವರು ಅವರು. ಊರಲ್ಲಿ ಏನೇ ಕಳುವಾದರೂ, ಯಾರೇ ಕಾಣೆಯಾದರೂ ಜನ ಮೊದಲು ಬರುತ್ತಿದ್ದುದು ಅವರ ಅಡುಗೆಮನೆಗೆ. ಅವರ ಎಡಗೈಯಲ್ಲಿ ಉಂಗುರದ ಬೆರಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬಾವಿಯ ರಾಟೆಗೆ ಸಿಕ್ಕಿ ಹೋಯಿತೆಂದು ನಮಗೆಲ್ಲ ಹೇಳಿದ್ದರು.

ಅಂಪಾರೋಳ ಕೈಗೆ ಬಿಸಿ ಚಾಕೊಲೇಟಿನ ಬಟ್ಟಲು ಕೊಟ್ಟು ಅತ್ತಿಗೆ ಎದುರು ಕೂತರು. "ಒಂದೊಂದಾಗಿ ಹೇಳವ್ವ."

"ಕರಿ ಕುದುರೆ, ಬೆಳ್ಳಿಗುಂಡಿಯ ಅಂಗಿ, ಕಣ್ಣಿನ ತನಕ ಕೆಂಪು ವಸ್ತ್ರ. ಥೇಟ್ ಹಾಡಲ್ಲಿ ಇದ್ದ ಹಾಗೇ. ಒಂದು ಮಾತೂ ಆಡ್ಲಿಲ್ಲ, ಪಿಸ್ತೂಲಲ್ಲೇ ಸನ್ನೆ ಮಾಡಿ ನನ್ನ ಇಳಿಸಿದ. ಓಲೆ ಬಿಚ್ಚಿಕೊಟ್ರೆ ವಾಪಸ್ ಅಂಗೈಗೇ ಹಾಕಿದ, ಜಡೆಯ ನೀಲಿ ಪಟ್ಟಿ ಮಾತ್ರ ಬಿಚ್ಚಿಕೊಂಡ. ಕೈ ಹಿಡಿದು ಬಗ್ಗಿದ."

"ಬರಿಗೈಯಲ್ಲಿ ಹಿಡಿದನಾ?"

"ಇಲ್ಲ, ಕೈಗವಸು ಹಾಕಿದ್ದ. ಆಮೇಲೆ ಹಾಡಿದ."

"ಯಾವ ಸಾಲು?"

ಅಂಪಾರೋ ಪಿಸುದನಿಯಲ್ಲಿ ಹೇಳಿದಳು: "'ಹೆದರಬೇಡ ಹೆಣ್ಣೇ, ಹೊನ್ನು ನನಗೆ ಬೇಡ, ಬೆಳದಿಂಗಳಂಥ ಕೈಗೊಂದು ಮುತ್ತು ಸಾಕು.' ದನಿ ಚೆನ್ನಾಗಿತ್ತು, ದೊನ್ಯಾ. ಬೆಳದಿಂಗಳು ಅನ್ನೋ ಕಡೆ ಮಾತ್ರ ಒಂಚೂರು ಮುಗ್ಗರಿಸಿದ. ಆಗ ಒಳಗಿಂದ ನಸಾರಿಯೋ ತಾತ ನಕ್ಕುಬಿಟ್ರು. 'ಅಯ್ಯೋ ಮಾರಾಯ, ಅಲ್ಲಿ ಉಸಿರು ಬಿಡಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ!' ಅಂದ್ರು. ಅಷ್ಟೇ. ಗುಂಡು ಹಾರ್ತು."

"ನಸಾರಿಯೋ ಸಾರೋಟಲ್ಲಿ ಬರ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ದಾರೀಲಿ ನಡ್ಕೊಂಡು ಬರ್ತಿದ್ರು, ನಾನೇ ಕರೆದು ಹತ್ತಿಸ್ಕೊಂಡೆ." ಕುಡಿಯದ ಬಟ್ಟಲನ್ನು ಅವಳು ಚಾಚಿದಳು. ಅತ್ತಿಗೆ ಅದನ್ನು ತೆಗೆದಿಟ್ಟು, ಅವಳ ಅಂಗಿಯ ಬಿಳಿ ತೋಳಂಚನ್ನು ಬಹಳ ಹೊತ್ತು ತಿರುವಿ ನೋಡಿದರು.

ಹೆಣದ ಬಳಿ ಹಚ್ಚಿಡಲು ದೀಪ ಬೇಕಿತ್ತು. ನಮ್ಮಲ್ಲಿ ಇದ್ದದ್ದು ಹೊಗೆ ಕಾರುವ ಕೊಬ್ಬಿನ ಬತ್ತಿಗಳು. ಆದರೆ ನಸಾರಿಯೋನ ಕೋಣೆಯ ಗೂಡಿನಲ್ಲಿ ಜೇನುಮೇಣದ ಒಳ್ಳೆಯ ಬತ್ತಿಗಳು ಅರ್ಧ ಉರಿದು ನಿಂತಿದ್ದವು. ಅವನ್ನೇ ತಂದು ತಲೆಯ ಬಳಿ ಹಚ್ಚಿದೆ. "ಪಾಪ, ತನ್ನ ಸಾವಿಗೆ ತಾನೇ ಕೂಡಿಟ್ಟಿದ್ದ ನೋಡಿ ಅತ್ತಿಗೆ" ಎಂದೆ. ಅವರು ಒಂದು ಬತ್ತಿ ಎತ್ತಿ ಮೂಸಿದರು.

ಅಷ್ಟರಲ್ಲಿ ಅಂಪಾರೋಳ ಭಾವೀ ಪತಿ ದೊನ್ ತಿಯೋಫಿಲೋ ಓಡೋಡಿ ಬಂದ. ಇಗರ್ಜಿಗಳಿಗೆಲ್ಲ ಮೇಣದ ಬತ್ತಿ ಮಾಡಿಸಿಕೊಡುವ ಕಾರ್ಖಾನೆಯ ಒಡೆಯ. ನಲವತ್ತು ದಾಟಿದವನು, ಮಾತು ಕಮ್ಮಿ, ಕೈತುಂಬ ಬಿಸಿ ಮೇಣದ ಸುಟ್ಟ ಕಲೆಗಳು. "ಇವರನ್ನ ಮದುವೆಯಾಗೋದೂ ಒಂದೇ, ಬತ್ತಿಯ ಕಂಬವನ್ನ ಆಗೋದೂ ಒಂದೇ. ಹಿಲ್ಗೇರೋನ ಕುದುರೆ ಲಾಳಕ್ಕೂ ಸಮ ಅಲ್ಲ" ಎಂದು ಅಂಪಾರೋ ಎಲ್ಲರೆದುರು ನಗಾಡಿದ್ದು ಊರಿಗೇ ಗೊತ್ತಿತ್ತು. ಅವನು ಹೆಣ ನೋಡಿದ, ಗೋಡೆಗೆ ಹಣೆ ಒತ್ತಿ ಅತ್ತ.

ಸಂಜೆಗೆ ಕಾವಲುದಳದ ಕಪ್ತಾನ ಬಾರಾಗಾನ್ ಇದ್ದಿಲು ಸುಡುವ ಹಾಸಿಂತೋನನ್ನು ಹಗ್ಗ ಕಟ್ಟಿ ಎಳೆದು ತಂದ. ಅವನ ಕತ್ತೆಯ ಮೇಲೆ ಬೆಳ್ಳಿಗುಂಡಿಯ ಅಂಗಿ ಸಿಕ್ಕಿತ್ತು.

"ಕಮರೀಲಿ ಬಿದ್ದಿತ್ತು ಬುದ್ಧಿ, ಎತ್ಕೊಂಡೆ. ದೇವರಾಣೆಗೂ ಅಷ್ಟೇ" ಎಂದು ಹಾಸಿಂತೋ ಗೋಗರೆದ.

"ನಾಳೆ ಮಣ್ಣು ಮಾಡಿದ ತಕ್ಷಣ ಇವನನ್ನ ಗೋಡೆಗೆ ನಿಲ್ಲಿಸಿ ಗುಂಡಿಕ್ತೀನಿ" ಎಂದ ಕಪ್ತಾನ.

"ಅದಕ್ಕೆ ಮುಂಚೆ ನಮ್ಮಲ್ಲಿ ಒಂದು ಲೋಟ ಕಾಫಿ ಕುಡೀರಿ, ಕಪ್ತಾನರೇ. ಸಾರೋಟಲ್ಲಿ ಇದ್ದೋರನ್ನೂ ಕರೀತೀನಿ" ಎಂದರು ಅತ್ತಿಗೆ.

ಬೆಳಿಗ್ಗೆ ಹೆಣದ ಸುತ್ತ ನಾವೆಲ್ಲ ಸೇರಿದೆವು: ಕಪ್ತಾನ, ಬಂದಿ ಹಾಸಿಂತೋ, ಮೆಲ್ಚೋರ್, ಅಂಪಾರೋ, ಅವಳ ಚಿಕ್ಕಮ್ಮ, ತಿಯೋಫಿಲೋ. ಅತ್ತಿಗೆ ನಿಂತೇ ಮಾತಾಡಿದರು.

"ಮೊದಲನೇದು, ಇದು ಹಿಲ್ಗೇರೋ ಕೆಲಸ ಅಲ್ಲ. ಓಲೆ ವಾಪಸ್ ಕೊಡೋದು, ಮುತ್ತಿಡೋದು, ಹಾಡೋದು, ಎಲ್ಲ ನಸಾರಿಯೋ ಕಟ್ಟಿದ ಸುಳ್ಳು."

"ನಿಮಗೆ ಹೇಗೆ ಗೊತ್ತು?" ಎಂದಳು ಅಂಪಾರೋ, ಮುಖ ಕೆಂಪಗೆ ಮಾಡಿಕೊಂಡು.

ಅತ್ತಿಗೆ ಎಡಗೈ ಚಾಚಿದರು. "ಅವನನ್ನ ನಾನು ಕಂಡಿದೀನಿ, ಮಗಾ. ನನ್ನ ಉಂಗುರ ಬಿಗಿಯಾಗಿತ್ತು. ಬಿಚ್ಚೋಕೆ ಅವನಿಗೆ ತಾಳ್ಮೆ ಇರ್ಲಿಲ್ಲ."

ಯಾರೋ ಅಮ್ಮಾ ಎಂದು ನರಳಿದರು. ಅದು ನನ್ನದೇ ದನಿ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಆ ಕೈಯಿಂದ ಬಡಿಸಿಕೊಂಡು ಉಂಡವಳು ನಾನು. ಆ ಹಾಡನ್ನು ಅವರೆದುರೇ ಗುನುಗುತ್ತಿದ್ದವಳು.

"ಯಾಕಪ್ಪಾ ಸುಳ್ಳು ಹಾಡ್ತೀಯ ಅಂತ ನಸಾರಿಯೋನ ಕೇಳಿದ್ದೆ. ನಿಜಕ್ಕೆ ಯಾರೂ ಊಟ ಹಾಕಲ್ಲ ದೊನ್ಯಾ ಅಂದ. ಹೋಗಲಿ. ಹಾಡಿನ ಹಿಲ್ಗೇರೋ ಥರ ಬಂದೋನು ಹಾಡು ಕೇಳಿ ವೇಷ ಕಟ್ಟಿದೋನು. ಅಂದ್ರೆ ಈ ಊರೋನು. ಎರಡನೇದು, ಹಾಸಿಂತೋ ಅಲ್ಲ. ಅವನ ಉಗುರು ನೋಡಿ, ತೋಳು ನೋಡಿ. ಕೈಗವಸು ಹಾಕಿದ್ರೂ ಈ ಮಸಿ ಎಲ್ಲಾದ್ರೂ ತಾಗದೆ ಇರುತ್ತಾ? ಅಂಪಾರೋ ತೋಳಂಚಿನ ಮೇಲೆ ಒಂದು ಚುಕ್ಕೆ ಕೂಡ ಇಲ್ಲ."

ಕಪ್ತಾನ ಮೀಸೆ ಎಳೆದುಕೊಂಡ. "ಹಾಗಾದ್ರೆ ಯಾರು?"

"ನೀವು ಕೇಳಬೇಕಾದ್ದೇ ಬೇರೆ. ಕಣ್ಣಿದ್ದ ಮೂವರನ್ನ ಬಿಟ್ಟು ಕಣ್ಣಿಲ್ಲದವನನ್ನ ಯಾಕೆ ಕೊಂದ? ಮುಖದ ವಸ್ತ್ರ ಕಣ್ಣಿದ್ದವರಿಗೆ. ಕುರುಡನಿಗೆ ಯಾವ ಮುಸುಕು? ದನಿಯಲ್ಲೇ ಗುರುತು ಹಿಡಿದ. 'ಎಷ್ಟು ಸಲ ಬಡ್ಕೊಂಡಿದೀನಿ' ಅಂದ. ಅದು ಶಿಷ್ಯನಿಗೆ ಆಡೋ ಮಾತು. ಇನ್ನೊಂದು ಗಳಿಗೆ ಬಿಟ್ಟಿದ್ರೆ ಹೆಸರು ಹಿಡಿದೇ ಕರೀತಿದ್ದ."

"ಅವನ ಹತ್ರ ಯಾರೂ ಕಲೀತಿರ್ಲಿಲ್ಲವಲ್ಲ!" ಎಂದೆ ನಾನು.

"ಕದ್ದು ಕಲೀತಿದ್ರು, ತೋಮಾಸಾ. ಹಿತ್ತಿಲ ಬಾಗಿಲಿಂದ, ಕತ್ತಲಾದ ಮೇಲೆ. ಕುರುಡನ ಕೋಣೇಲಿ ದೀಪ ಯಾಕೆ ಉರೀಬೇಕು? ಬಂದವನಿಗೆ ಗಿಟಾರಿನ ತಂತಿ ಕಾಣಬೇಕಿತ್ತು. ಬರೋವಾಗ ಬತ್ತಿ ತಾನೇ ತರ್ತಿದ್ದ. ಕೊಬ್ಬಿಂದಲ್ಲ, ಜೇನುಮೇಣದ್ದು. ಇನ್ನು ಕೈಗವಸು. ಹಾಡಲ್ಲಿ ಇರೋದನ್ನೆಲ್ಲ ಚಾಚೂ ತಪ್ಪದೆ ಮಾಡಿದೋನು, ಬರಿಗೈಯಲ್ಲಿ ಕೈ ಹಿಡಿಯೋದೊಂದನ್ನ ಬಿಟ್ಟ. ಯಾಕಂದ್ರೆ ಅವನ ಕೈ ನೋಡಿದ್ರೆ ಊರಲ್ಲಿ ಎಲ್ಲರಿಗೂ ಗುರುತು ಸಿಗುತ್ತೆ."

ಯಾರೂ ತಿಯೋಫಿಲೋನ ಹೆಸರೆತ್ತಲಿಲ್ಲ. ಅವನು ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದ.

"ಇದು ಬರೀ ಊಹೆ" ಎಂದ ಕಪ್ತಾನ. ದನಿಯಲ್ಲಿ ಬಿಗಿಯಿರಲಿಲ್ಲ.

ಅಂಪಾರೋ ಎದ್ದು ನೇರವಾಗಿ ತಿಯೋಫಿಲೋನ ಎದುರು ನಿಂತಳು. "ಹಾಡಿ" ಎಂದಳು.

ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅತ್ತಿಗೆಯ ಬಳಿ ಬೇರೆ ಸಾಕ್ಷಿಯಿರಲಿಲ್ಲವೆಂದು ಆಮೇಲೆ ಅವರೇ ನನಗೆ ಹೇಳಿದರು. ಆದರೆ ಅವನನ್ನು ಹಾಡೆಂದು ಅವಳು ಕೇಳಿದ್ದು ಅದೇ ಮೊದಲು. ಅವನು ಅವಳ ಮುಖ ನೋಡುತ್ತ ದನಿ ತೆಗೆದ. ಎಂಥ ದನಿ ಅದು! ಆ ಮೂಗಬಸವನೊಳಗೆ ಅದು ಎಲ್ಲಿ ಅಡಗಿತ್ತೋ. ಮೊದಲ ಸಾಲು ತುಂಬಿ ಹರಿಯಿತು. ಎರಡನೆಯದಕ್ಕೆ ಬಂದ. "ಬೆಳ—" ಎಂದು ನಿಂತು ಉಸಿರೆಳೆದುಕೊಂಡ. "—ದಿಂಗಳಂಥ..."

ಅಂಪಾರೋ ಕಿರುಚಿದಳು.

"ಒಂದು ಸಲ, ಒಂದೇ ಸಲ ನೀನು ನನ್ನನ್ನ ಹಿಲ್ಗೇರೋನ ನೋಡೋ ಹಾಗೆ ನೋಡಬೇಕು ಅಂತ..." ಎಂದ ತಿಯೋಫಿಲೋ. "ಮದುವೆಯಾದ ಮೇಲೆ ಹೇಳೋಣ, ನಗೋಣ ಅಂದ್ಕೊಂಡಿದ್ದೆ. ಮುದುಕ ಹೆಸರು ಕರೆದುಬಿಡ್ತಾನೆ, ನೀನು ಅಲ್ಲೇ ನಗ್ತೀಯ ಅನ್ನಿಸ್ತು. ಅದೊಂದೇ ಅನ್ನಿಸಿದ್ದು. ನನಗೆ ಬೇರೇನೂ ಕಾಣ್ಲಿಲ್ಲ."

"ಹಾಸಿಂತೋಗೆ ಗುಂಡಿಕ್ತಿದ್ರಲ್ಲ, ಅದೂ ಕಾಣ್ಲಿಲ್ವಾ?" ಎಂದರು ಅತ್ತಿಗೆ. ಅವನ ಒಳಜೇಬಿನಿಂದ ಕಪ್ತಾನ ಹೊರತೆಗೆದ ಪಿಸ್ತೂಲಿನ ಹಿಡಿಗೆ ಒಂದು ನೀಲಿ ಪಟ್ಟಿ ಸುತ್ತಿತ್ತು. ಅಂಪಾರೋ ತನ್ನ ಜಡೆ ಮುಟ್ಟಿಕೊಂಡಳು.

ಅವನನ್ನು ಜಿಲ್ಲೆಯ ಊರಿನಲ್ಲಿ ಗುಂಡಿಕ್ಕಿ ಕೊಂದರು. ಅಂಪಾರೋ ಮತ್ತೆಂದೂ ಆ ದಾರಿಯಲ್ಲಿ ಸಾರೋಟು ಹತ್ತಲಿಲ್ಲ. ನಸಾರಿಯೋನ ಗೋರಿಯ ಮಣ್ಣನ್ನು ಹಾಸಿಂತೋ ತಾನೇ ಹೊತ್ತು ತಂದು ಮೆತ್ತಿದ.

ಮಳೆಗಾಲ ಕಳೆದ ಮೇಲೆ ಪರವೂರಿನ ಹಾಡುಗಾರನೊಬ್ಬ ಊಟ ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದ. ಹೊಸ ಹಾಡೊಂದಿದೆ ಎಂದ. ಪ್ರೀತಿಗಾಗಿ ಕೊಂದು ಪ್ರೀತಿಗಾಗಿ ಸತ್ತ ತಿಯೋಫಿಲೋನ ಹಾಡು. ಗುಂಡು ಹಾರುವಾಗ ಅವನು ನಗುತ್ತಿದ್ದನಂತೆ, ಎದೆಯ ಮೇಲೆ ನೀಲಿ ಪಟ್ಟಿಯಿತ್ತಂತೆ. ನಮ್ಮ ಅಡುಗೆಯ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಗಾಬರಿಯಿಂದ ಅತ್ತಿಗೆಯ ಮುಖ ನೋಡಿದೆ. ಅಂಥ ಮುಖ ನಾನು ಹೆಣ ಬಂದ ದಿನವೂ ಕಂಡಿರಲಿಲ್ಲ.

"ಇದರಲ್ಲಿ ಸತ್ತವನು ಯಾರಪ್ಪಾ?" ಎಂದು ಕೇಳಿದರು.

"ಯಾರೋ ಒಬ್ಬ ಕುರುಡ, ಅಮ್ಮಾ. ಹೆಸರು ತಾಳಕ್ಕೆ ಕೂರಲ್ಲ, ಬಿಟ್ಬಿಟ್ಟೆ."

ಅವನ ಮುಂದಿದ್ದ ಅವರೆಸಾರಿನ ಬಟ್ಟಲನ್ನು ಅತ್ತಿಗೆ ಎತ್ತಿಕೊಂಡರು.

"ನಸಾರಿಯೋ" ಎಂದರು. "ಕೂರಿಸು. ಅಲ್ಲೀತನಕ ಸಾರು ಒಲೆ ಮೇಲೆ ಬಿಸಿಯಾಗಿರುತ್ತೆ."